ಹುಳುಮನೆ ಮುಂದೆ ಸೈಲೆನ್ಸರ್

"ಸೈಲೆನ್ಸರ್ ಇರೋದು ಸದ್ದು ಕಮ್ಮಿ ಮಾಡೋಕೆ ತಾನೆ? ಚೆನ್ನಾಗಿರೋ ಸೈಲೆನ್ಸರ್ ಕಿತ್ತಾಕಿ ಸದ್ದು ಮಾಡೋ ಸೈಲೆನ್ಸರ್ ಹಾಕಿಸ್ತೀನಿ ಅಂತೀಯಲ್ಲ, ನಿನ್ನ ತಲೆ ನೆಟ್ಟಗೈತೇನೋ?"

ಭೀಮರಾಜ ಅಕ್ಕಿರೊಟ್ಟಿಯ ತಟ್ಟೆಯಿಂದ ಕಣ್ಣೆತ್ತದೆ ಮಗನನ್ನು ಕೇಳಿದ. ಇಪ್ಪತ್ತೆಂಟು ವರ್ಷ ಕರೆಂಟು ಕಂಬ ಹತ್ತಿ ಇಳಿದ ಲೈನ್‌ಮನ್ ಅವನು. ತನ್ನ ಒಂದು ಮಾತಿಗೆ ಯಾರಾದರೂ ಎರಡು ಉತ್ತರ ಕೊಟ್ಟರೆ ಅವನಿಗೆ ಆಗುತ್ತಿರಲಿಲ್ಲ.

"ಬರೀ ಸದ್ದಿಗಲ್ಲಪ್ಪ. ಗಾಡಿ ಉಸಿರಾಡ್ಬೇಕು. ಟರ್ಬೊ ಎಂಜಿನ್ನು. ಕಂಪನಿಯವ್ರು ಸಣ್ಣ ಪೈಪ್ ಹಾಕಿ ಮೂಗು ಮುಚ್ಚಿಬಿಟ್ಟವ್ರೆ," ಅಂದ ಅಮರ್.

"ಮೊದ್ಲು ನನ್ನ ಉಸಿರಾಡೋಕೆ ಬಿಡು."

ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಪ್ರಮೋದಾಗೆ ನಗು ಬಂತು. ಗಂಡನ ಮುಖ ನೋಡಿ ನಗುವನ್ನು ಸೆರಗಿಗೆ ಒರೆಸಿಕೊಂಡಳು. ಸೂಲಿಬೆಲೆ ಕಡೆ ಈಗ ಕಾರಿಲ್ಲದ ಮನೆ ಯಾವುದಿದೆ ಹೇಳಿ? ಆದರೆ ಅವಳ ಮಗನ ಕಾರೇ ಬೇರೆ. ಪಿಲ್ಲಗುಂಪೆಯ ಬ್ರೇಕ್ ತಯಾರಿಸುವ ಫ್ಯಾಕ್ಟರಿಯಲ್ಲಿ ಆರು ವರ್ಷ ಅಳತೆ ನೋಡುವ ಕೆಲಸ ಮಾಡಿ, ಉಳಿಸಿದ ಸಂಬಳದಲ್ಲಿ ತಂದ ಸೆಕೆಂಡ್ ಹ್ಯಾಂಡ್ ಕೆಂಪು ಕಾರು. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸಾಕು, ಬೆನ್ನನ್ನು ಸೀಟಿಗೆ ಅಂಟಿಸಿಬಿಡುತ್ತಿತ್ತು. ಅದನ್ನು ತೊಳೆಯುವಾಗ ಅವನ ಮುಖದಲ್ಲಿ ಇರುತ್ತಿದ್ದ ಭಕ್ತಿ ಶಿವಗಂಗೆ ಬೆಟ್ಟ ಹತ್ತುವಾಗಲೂ ಇರಲಿಲ್ಲ.

ಜಗಲಿಯ ಮೇಲೆ ಕೂತಿದ್ದ ದ್ಯಾವಮ್ಮ ಮೊಮ್ಮಗನನ್ನು ದಿಟ್ಟಿಸಿ ನೋಡಿದಳು.

"ಏನಾದ್ರೂ ಹಾಕಿಸ್ಕೊ ಮಗ. ಹುಳ ಜ್ವರಕ್ಕೆ ಕೂತಾಗ ಮಾತ್ರ ಗಾಡೀನ ಹುಳುಮನೆ ಹತ್ರ ತಂದೀಯ, ಹುಷಾರು."

ಅವತ್ತು ಗುರುವಾರ. ಮೊಟ್ಟೆಯೊಡೆದ ಹುಳುವನ್ನು ಸಾಕಿ ಕೊಡುವ ಚಾಕಿ ಕೇಂದ್ರದ ವ್ಯಾನು ಮರಿಹುಳುಗಳನ್ನು ತಂದಿಳಿಸಿದ್ದ ದಿನ. ರೇಷ್ಮೆಹುಳು ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಪೊರೆ ಕಳಚುವುದಕ್ಕೆ ಈ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಗೂಡು. ಎರಡು ಜ್ವರ ಕೇಂದ್ರದಲ್ಲೇ ಕಳೆದಿರುತ್ತವೆ, ಉಳಿದೆರಡು ಮನೆಯಲ್ಲಿ. ಜ್ವರದಿಂದ ಎಲ್ಲ ಹುಳುವೂ ಎದ್ದ ಮೇಲೆಯೇ ಮೊದಲ ಸೊಪ್ಪು ಹಾಕಬೇಕು. ಆತುರಪಟ್ಟರೆ ಎದ್ದವು ಮೇಯ್ದು ಮುಂದೆ ಹೋಗುತ್ತವೆ, ಮಲಗಿದವು ಹಿಂದೆ ಬೀಳುತ್ತವೆ, ಬೆಳೆ ಎರಡು ಹೋಳಾಗುತ್ತದೆ. ಆ ಹೊತ್ತು ಯಾವುದು ಅಂತ ಹೇಳುವುದರಲ್ಲಿ ದ್ಯಾವಮ್ಮನನ್ನು ಮೀರಿಸುವವರು ಸುತ್ತಲ ಹತ್ತೂರಲ್ಲಿ ಇರಲಿಲ್ಲ. ಹುಳುಮನೆಯಲ್ಲಿ ಹುಳು ಹರಡಿದ ಅಟ್ಟಗಳನ್ನು ಹೊತ್ತ ಬಿದಿರು ಗಳುವಿಗೆ ಒರಗಿ, ತಲೆ ಓರೆ ಮಾಡಿ, ಒಂದು ಗಳಿಗೆ ನಿಲ್ಲುವಳು. ಆಮೇಲೆ "ಎದ್ದವೆ, ಹಾಕಿ" ಅನ್ನುವಳು. ದ್ಯಾವಮ್ಮನ ಕಿವಿಗೆ ಹುಳದ ಮಾತು ಕೇಳ್ತದೆ ಅಂತ ಜನ ಹೇಳುತ್ತಿದ್ದರು.

ಪ್ರಮೋದಾ ಮದುವೆಯಾಗಿ ಬಂದು ಇಪ್ಪತ್ತೇಳು ವರ್ಷ. ಅವಳ ಕಿವಿಗೆ ಮಾತ್ರ ಅದು ಒಂದು ದಿನವೂ ಕೇಳಿದ್ದಿಲ್ಲ. ಕೊನೆಯ ಹಂತದಲ್ಲಿ ಹುಳು ಮೇಯುವ ಸರಬರ ಕೇಳುತ್ತಿತ್ತು, ಸರಿ. ಅದು ಯಾರಿಗೂ ಕೇಳುತ್ತದೆ. ಆದರೆ ಎಲ್ಲಿ ಸೊಪ್ಪು ಮುಗಿದಿದೆ, ಎಲ್ಲಿ ಹುಳು ಎದ್ದಿಲ್ಲ ಅನ್ನುವುದು? "ಕಿವಿ ಕೊಟ್ಟು ಕೇಳೇ, ಕಲ್ಲು!" ಅಂತ ಅತ್ತೆ ಬೈದಾಗೆಲ್ಲ, ತನ್ನ ಕಿವಿಯೇ ಮೊದ್ದು ಅಂದುಕೊಂಡು ಸುಮ್ಮನಾಗುತ್ತಿದ್ದಳು.

*

ಸೋಮವಾರ ಸಂಜೆ ಹುಳು ಮೂರನೇ ಜ್ವರಕ್ಕೆ ಕೂತಿತ್ತು. ಪ್ರಮೋದಾ ಅಂಗಳದಲ್ಲಿ ಸುಣ್ಣದ ಪುಡಿ ಜರಡಿ ಹಿಡಿಯುತ್ತಿದ್ದಳು. ಆಗ ಬಂತು ನೋಡಿ, ಆ ಸದ್ದು! ತಿರುವಿನಾಚೆ ಇರುವಾಗಲೇ ತೆಂಗಿನಮರದ ಕಾಗೆಗಳೆಲ್ಲ ಎದ್ದವು. ಗೇಟಿನೊಳಗೆ ಬರುವಷ್ಟರಲ್ಲಿ ಎದುರುಮನೆಯ ಹನುಮಂತರಾಯಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬೀದಿಗೆ ಬಂದಿದ್ದ. ಪ್ರಮೋದಾಳ ಕೈಯಿಂದ ಜರಡಿ ಬಿತ್ತು. ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಅಬ್ಬಾ, ಒಂದು ಯಂತ್ರಕ್ಕೆ ಇಷ್ಟು ದೊಡ್ಡ ಗಂಟಲಿರುತ್ತದೆಯೇ ಅಂತ ಅವಳು ಬೆರಗಾಗಿ ನಿಂತುಬಿಟ್ಟಳು. ಸತ್ಯ ಹೇಳಬೇಕೆಂದರೆ ಅವಳಿಗೆ ಅದು ಹಿಡಿಸಿತ್ತು.

ಹುಳುಮನೆಯೊಳಗೆ ಬಾಗಿಲಿಗೆ ಬೆನ್ನು ಮಾಡಿ, ಗಳು ಹಿಡಿದು ಕೂತಿದ್ದ ದ್ಯಾವಮ್ಮ ಚೇಳು ಕಡಿದವಳಂತೆ ಎದ್ದು ಹೊರಗೆ ಬಂದಳು.

"ಆಫ್ ಮಾಡ್ಲಾ! ಅಟ್ಟ ಎಲ್ಲಾ ನಡುಗ್ತಾ ಅವೆ!"

ರಾತ್ರಿ ಮುದ್ದೆ, ಸೊಪ್ಪಿನ ಸಾರು ಬಡಿಸುವಾಗ ಜಗಳ ಕಟ್ಟೆಯೊಡೆಯಿತು.

"ಮೂರಿಂಚಿನ ಪೈಪು, ನೇರ ಡಬ್ಬಿ. ಇದು ಟ್ರಯಲ್ ಅಷ್ಟೇ ಅಪ್ಪ. ಗ್ಯಾರೇಜಿನ ಕೆಂಪರಾಜಣ್ಣ ಕ್ಲಾಂಪ್ ಹಾಕಿ ಕೊಟ್ಟವ್ರೆ. ನನಗೆ ಒಪ್ಪಿಗೆ ಆದ್ಮೇಲೇ ವೆಲ್ಡ್ ಮಾಡೋದು."

"ಹೊಸಕೋಟೆ ಸರ್ಕಲ್‌ನಲ್ಲಿ ಪೊಲೀಸ್ರು ಹಿಡಿದು ರೋಡ್ ರೋಲರ್ ಕೆಳಗೆ ಹಾಕ್ತಾರೆ ನೋಡು, ಅವಾಗ ಒಪ್ಪಿಗೆ ಆಗ್ತದೆ. ಮನೇಲಿ ಅರವತ್ತು ಸಾವಿರ ಹುಳ ಇಟ್ಕೊಂಡು ಹಿಂಗೇನೋ ಆಡೋದು?" ಭೀಮರಾಜ ಮುದ್ದೆ ಮುರಿದವನು ಹಾಗೇ ತಾಯಿಯ ಕಡೆ ತಿರುಗಿದ. "ಅವ್ವ, ನೀನೂ ಅಷ್ಟೇ. ಎಪ್ಪತ್ತೆರಡಾಯ್ತು. ಇದೇ ಕೊನೆ ಬೆಳೆ ಮಾಡ್ಬಿಡು."

ದ್ಯಾವಮ್ಮ ಮಗನ ಬಾಯನ್ನೇ ನೋಡುತ್ತಿದ್ದಳು.

"ನನ್ನ ಕಿವಿ ಇರೋ ತನ್ಕ ಈ ಮನೇಲಿ ಹುಳ ಇರ್ತವೆ. ಕಿವಿ ಹೋದ ದಿನ ನಾನೇ ಬೀಗ ಹಾಕಿ ನಿನ್ನ ಕೈಗೆ ಕೊಡ್ತೀನಿ, ಸರೀನಾ?"

"ಮಾತು ಅಂದ್ರೆ ಮಾತು ಅವ್ವ."

"ಮಾತೇ ಕಣ್ಲಾ. ಉಣ್ಣು."

*

ಅಮರ್ ಎರಡನೇ ಸೈಲೆನ್ಸರ್ ಡಬ್ಬಿ ಹಾಕಿಸಿದ. ಇದರ ಒಳಗೆ ಗೋಡೆಗಳಿದ್ದವು. ಹೊಗೆ ತಿರುಗಿ ತಿರುಗಿ ಆಚೆ ಬರಬೇಕು, ಹಾಗಾಗಿ ಸದ್ದಿಗೆ ಲಗಾಮು. ಪೈಪೂ ಎರಡೂಕಾಲು ಇಂಚಿಗೆ ಇಳಿಯಿತು. ದಪ್ಪ ಪೈಪಾದಷ್ಟೂ ಪವರ್ ಅಂತ ಹುಡುಗರು ಅಂದುಕೊಳ್ಳುವುದು ಬರೀ ಭ್ರಮೆ, ಈ ಎಂಜಿನ್ನಿಗೆ ಇಷ್ಟೇ ಸಾಕು ಅಂತ ಕೆಂಪರಾಜ್ ಹೇಳಿದ್ದನಂತೆ. ಬೀದಿಯಲ್ಲಿ ಕಾರು ಈಗ ಸಭ್ಯವಾಗಿತ್ತು. ಆದರೆ ಹೈವೇಯಲ್ಲಿ ಎಂಬತ್ತು ದಾಟಿದರೆ ಒಳಗೆ ಗುಂಯ್ ಅಂತ ಒಂದು ಮೊರೆತ ಶುರುವಾಗುತ್ತಿತ್ತು. ಪಿಲ್ಲಗುಂಪೆಯಿಂದ ಮನೆಗೆ ಬರುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಕಾರಿನ ಹಿಂಬದಿಯ ಡಬ್ಬಿಯನ್ನು ಮೂರು ಸಲ ಬದಲಿಸಿದರೂ ಹೋಗಲಿಲ್ಲ.

"ಯಾವ ಸ್ವರದಲ್ಲಿ ಗುಂಯ್ ಅಂತೈತೆ ಅಂತ ಫೋನಲ್ಲಿ ಅಳೆದ್ಕೊಂಡ್ ಬಾ ಗುರು. ಅದನ್ನ ನುಂಗೋ ಇನ್ನೊಂದು ಡಬ್ಬಿ ಹಾಕೋಣ," ಅಂದನಂತೆ ಕೆಂಪರಾಜ್.

ಅಮರ್ ಫೋನಿಗೆ ಅದೇನೋ ಆ್ಯಪ್ ಹಾಕಿಕೊಂಡ. ಅದು ಸದ್ದನ್ನು ಅಳೆಯುತ್ತಿತ್ತು, ಬೇಕೆಂದ ಸ್ವರವನ್ನು ಊದುತ್ತಲೂ ಇತ್ತು. ಭಾನುವಾರ ಹುಳು ನಾಲ್ಕನೇ ಜ್ವರಕ್ಕೆ ಕೂತು ಮನೆಗೆಲ್ಲ ಬಿಡುವಿತ್ತು. ಮಧ್ಯಾಹ್ನ ಉಂಡು ಎಲೆಅಡಿಕೆ ಹಾಕಿಕೊಳ್ಳುವಾಗ ಅಕ್ಷತ ಅಣ್ಣನ ಫೋನು ಕಿತ್ತುಕೊಂಡಳು. ಹದಿನೇಳರ ಹುಡುಗಿ, ಸೂಲಿಬೆಲೆಯಲ್ಲಿ ಪಿಯುಸಿ.

"ಯಾರ ಕಿವಿ ಎಷ್ಟು ಚುರುಕು ನೋಡೋಣ. ಸಣ್ಣ ಸ್ವರ ಹಾಕ್ತೀನಿ, ಕೇಳಿದ್ರೆ ಕೈ ಎತ್ತಿ!"

ಸಿಳ್ಳೆಯಂಥ ಸದ್ದು ಏರುತ್ತಾ ಹೋಯಿತು. ಮೊದಲು ಭೀಮರಾಜ ಸೋತ, ಆಮೇಲೆ ಪ್ರಮೋದಾ, ಆಮೇಲೆ ಅಮರ್. ಅಕ್ಷತ ಗೆದ್ದು ಕುಣಿದಳು.

"ಅಜ್ಜಿ, ಈಗ ನೀನು. ಊರಿಗೇ ಫೇಮಸ್ ಕಿವಿ!"

"ಹಾಕೇ, ನೋಡೋಣ." ದ್ಯಾವಮ್ಮ ಕಾಲು ಚಾಚಿ ಕೂತಳು. ಒಂದು ಕ್ಷಣ ಬಿಟ್ಟು ಕೈ ಎತ್ತಿದಳು. "ಕೇಳ್ತೈತೆ. ಸಣ್ಣಕೆ, ಸೊಳ್ಳೆ ಥರ."

ಅಕ್ಷತಳ ನಗು ಬಾಯಲ್ಲೇ ನಿಂತಿತು. "ಅಜ್ಜಿ... ನಾನಿನ್ನೂ ಹಾಕೇ ಇಲ್ಲ."

ಭೀಮರಾಜ ಎದ್ದು ತಾಯಿಯ ಬೆನ್ನ ಹಿಂದೆ ಹೋಗಿ ನಿಂತ. "ಅವ್ವ," ಅಂದ. ಗಟ್ಟಿಯಾಗಿ ಮತ್ತೊಮ್ಮೆ "ಅವ್ವಾ!" ಅಂದ. ಬೀದಿಯ ನಾಯಿ ತಿರುಗಿ ನೋಡಿತು, ದ್ಯಾವಮ್ಮ ತಿರುಗಲಿಲ್ಲ. ಮೊಮ್ಮಕ್ಕಳ ಮುಖ ನೋಡಿಯೇ ಏನಾಯಿತೆಂದು ಅವಳಿಗೆ ಗೊತ್ತಾಯಿತು. ಎದ್ದು, ಸೀರೆ ಕೊಡವಿಕೊಂಡು, ಹುಳುಮನೆಗೆ ಹೋಗಿ ಬಾಗಿಲು ಎಳೆದುಕೊಂಡಳು.

ಭೀಮರಾಜನ ಮುಖದಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. "ಮಾತು ಕೊಟ್ಟಿದ್ದು ಅವ್ವನೇ. ಈ ಗೂಡು ಮಾರಿದ್ಮೇಲೆ ಬೀಗ," ಅಂದವನು ಅಂಗಿ ಹಾಕಿಕೊಂಡು ಹೊರಗೆ ಹೋದ.

ಪ್ರಮೋದಾಗೆ ಬಂದ ಸಿಟ್ಟನ್ನು ಏನು ಹೇಳುವುದು! ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಒಂದೊಂದು ತಪ್ಪಲೆಯನ್ನೂ ಕುಕ್ಕಿ ಕುಕ್ಕಿ ತೊಳೆದಳು. ಕಲ್ಲು ಅಂತೆ ಕಲ್ಲು! ಕಿವುಡಿಯ ಬಾಯಲ್ಲಿ 'ಕೇಳೇ, ಕೇಳೇ' ಅಂತ ಬೈಸಿಕೊಂಡೆನಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳಿದ್ದಾಳೆಯೇ? ಕರೆದಾಗ ತಿರುಗಿ ನೋಡದಿದ್ದರೆ ಅತ್ತೆಗೆ ಕೊಬ್ಬು ಅಂದುಕೊಂಡಿದ್ದಳು ಇಷ್ಟು ದಿನ. ಅವತ್ತು ರಾತ್ರಿ ಅತ್ತೆಗೆ ಊಟ ಬಡಿಸಿದಳು, ಮಾತಾಡಿಸಲಿಲ್ಲ.

*

ಮಂಗಳವಾರ ಬೆಳಿಗ್ಗೆ ಪ್ರಮೋದಾ ಸೊಪ್ಪಿನ ಕಡ್ಡಿಗಳ ಹೊರೆ ಹೊತ್ತು ಹುಳುಮನೆಗೆ ಬಂದಳು. ನಾಲ್ಕು ಅಟ್ಟಗಳ ಮೇಲೂ ಹುಳು ಜ್ವರದಿಂದೆದ್ದು ತಲೆಯಾಡಿಸುತ್ತಿತ್ತು. ಅತ್ತೆ ಎಂದಿನಂತೆ ಗಳುವಿಗೆ ಒರಗಿ ನಿಂತಿದ್ದಳು. ಸೊಂಟನೋವಿಗೆ ಒರಗುತ್ತಾಳೆ ಅಂತಲೇ ಮನೆಯವರ ಲೆಕ್ಕ.

ಪ್ರಮೋದಾ ಎದುರಿಗೆ ಹೋಗಿ ನಿಂತು, ಬಾಯಿ ದೊಡ್ಡದು ಮಾಡಿ ಹೇಳಿದಳು. "ಎಲ್ಲಾ ಎದ್ದವೆ ಅತ್ತೆ. ಸೊಪ್ಪು ಹಾಕ್ತೀನಿ."

"ಬ್ಯಾಡ. ಮೇಲಿನ ಅಟ್ಟದ ಗೋಡೆ ಕಡೆ ಇನ್ನೂ ಮಲಗವೆ."

"ನಿಮಗೆಂಗೆ ಗೊತ್ತು?" ಮಾತಿನಲ್ಲಿ ಮುಳ್ಳಿತ್ತು.

"ಹತ್ತಿ ನೋಡು ಹೋಗು."

ಪ್ರಮೋದಾ ಸ್ಟೂಲು ಹತ್ತಿದಳು. ಮೇಲಿನ ಅಟ್ಟದಲ್ಲಿ, ಗೋಡೆಯ ಮೂಲೆಯಲ್ಲಿ, ಒಂದು ಮೊರದಗಲ ಜಾಗದ ಹುಳುಗಳು ತಲೆಯೆತ್ತಿ ಕಲ್ಲಾಗಿ ಕೂತಿದ್ದವು. ಕೆಳಗೆ ನಿಂತವರ ಕಣ್ಣಿಗೆ ಅದು ಕಾಣುವ ಜಾಗವೇ ಅಲ್ಲ. ಅವಸರದಲ್ಲಿ ಸ್ಟೂಲಿನಿಂದ ಇಳಿದಳು.

"ಅತ್ತೆ! ಹೆಂಗೆ?"

ದ್ಯಾವಮ್ಮ ಸೊಸೆಯ ಕೈ ಎಳೆದುಕೊಂಡು ಅಂಗೈಯನ್ನು ಗಳುವಿಗೆ ಒತ್ತಿದಳು. "ಬೆರಳು ಸಡಿಲ ಬಿಡು. ಗಿಂಡಿ ಹಿಡಿದಂಗೆ ಹಿಡೀಬ್ಯಾಡ."

"ಏನೂ ಗೊತ್ತಾಗ್ತಾ ಇಲ್ಲ."

"ಹತ್ತು ವರ್ಷ ಆಯ್ತು ಕಣೆ ನಂಗೆ ಕೇಳ್ದೆ," ಅಂದಳು ದ್ಯಾವಮ್ಮ, ಸೊಸೆಯ ಕೈ ಬಿಡದೆ. "ಮೊದ್ಲು ಗುಬ್ಬಿ ಹೋಯ್ತು. ಆಮೇಲೆ ನಿನ್ನ ಬಳೆ ಸದ್ದು. ಒಂದಿನ ಒಳಗೆ ಬಂದೆ, ಹುಳ ಮೇಯ್ತಾ ಅವೆ, ಸದ್ದೇ ಇಲ್ಲ. ಹುಳ ಸತ್ತವೇನೋ ಅಂತ ಎದೆ ಒಡೆದೋಯ್ತು. ಬೀಳ್ತೀನಿ ಅಂತ ಗಳು ಹಿಡ್ಕೊಂಡೆ ನೋಡು, ಅವಾಗ ಕೈಗೆ ಸಿಕ್ತು. ಎದ್ದ ಹುಳ ನಡೆದಾಡೋದು ಒಂಥರ, ಮೇಯೋದು ಒಂಥರ. ಯಾವ ಗಳು, ಎಷ್ಟು ನಡುಕ, ಕಲ್ತುಕೊಂಡೆ."

"ಯಾರ್ಗೂ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನನ್ನ ಮಗ ಅವತ್ತೇ ಬೀಗ ತತ್ತಿದ್ದ. ನಾನು ಈ ಮನೆ ಬಿಟ್ಟು ಜಗಲಿ ಮ್ಯಾಲೆ ಕೂತ್ಕೊಂಡು ಏನ್ ಮಾಡ್ಲಿ?"

"ಮತ್ತೆ ನನ್ನ ಅಷ್ಟೊಂದು ಬೈದಿದ್ದು?"

ದ್ಯಾವಮ್ಮನ ಕಣ್ಣಲ್ಲಿ ನೀರಾಡಿತು. "ನಂಗಂತೂ ಇಲ್ಲ, ನಿಂಗಾದ್ರೂ ಕೇಳ್ಲಿ ಅಂತ ಬೈತಿದ್ದೆ ಕಣೆ. ಹುಳದ ಸದ್ದು ಈ ಮನೇಲಿ ಒಬ್ರಿಗಾದ್ರೂ ಗೊತ್ತಿರ್ಲಿ ಅಂತ."

ಎರಡು ದಿನದಿಂದ ಕಾಯ್ದಿಟ್ಟ ಸಿಟ್ಟನ್ನು ಎಲ್ಲಿಡಬೇಕೋ ಪ್ರಮೋದಾಗೆ ತಿಳಿಯಲಿಲ್ಲ. ಹತ್ತು ಗಂಟೆಗೆ ಅತ್ತೆ "ಈಗ" ಅಂದಳು. ಇಬ್ಬರೂ ಸೊಪ್ಪು ಹಾಕಿದರು. ಆಮೇಲೆ ಪ್ರಮೋದಾ ಹೇಳಿಸಿಕೊಳ್ಳದೆ ತಾನಾಗಿ ಅಂಗೈಯನ್ನು ಗಳುವಿಗಿಟ್ಟು, ಕಣ್ಣುಮುಚ್ಚಿ ನಿಂತಳು. ಬಹಳ ಹೊತ್ತು ಬರೀ ಬಿದಿರು. ಆಮೇಲೆ, ಎಲ್ಲೋ ಬೆರಳ ಬುಡದಲ್ಲಿ, ಸಣ್ಣಗೆ ಹರಿಯುವ ನೀರಿನಂತೆ ಏನೋ ಬಂತು. ಅರವತ್ತು ಸಾವಿರ ಬಾಯಿ! ಒಂದೊಂದೂ ಎಳ್ಳಿನಷ್ಟು ಬಾಯಿ, ಎಲ್ಲ ಸೇರಿ ಅವಳ ಕೈಯೊಳಗೆ ಮೇಯುತ್ತಿದ್ದವು. ದೇವರೇ, ಇಪ್ಪತ್ತೇಳು ವರ್ಷ ಈ ಗಳುವನ್ನು ಮುಟ್ಟಿ ಮುಟ್ಟಿ ಓಡಾಡಿದ್ದೇನಲ್ಲ ಅಂದುಕೊಂಡಳು. ಅವಳಿಗೆ ಅಳು ಬಂತು, ಅತ್ತಳು.

*

ಗುರುವಾರ ಅಮರ್ ರಜೆ ಹಾಕಿದ್ದ. ಮೊರೆತದ ಸ್ವರವೇನೋ ಅಳತೆಗೆ ಸಿಕ್ಕಿತ್ತು, ಆದರೆ ಅದನ್ನು ನುಂಗುವ ಡಬ್ಬಿಯನ್ನು ಇಷ್ಟುದ್ದದ ಪೈಪಿನಲ್ಲಿ ಎಲ್ಲಿ ಕೂರಿಸಬೇಕೋ ತಿಳಿಯದೆ ಒದ್ದಾಡುತ್ತಿದ್ದ.

"ಅಜ್ಜೀನ ಕರ್ಕೊಂಡೋಗು," ಅಂದಳು ಪ್ರಮೋದಾ.

"ಅಮ್ಮಾ, ಅಜ್ಜಿಗೆ ಕಿವಿ ಕೇಳಲ್ಲ. ಎಕ್ಸಾಸ್ಟ್ ಆರಿಸೋಕೆ ಅಜ್ಜೀನಾ?"

"ಬಾಯಿ ಮುಚ್ಕೊಂಡು ಕರ್ಕೊಂಡೋಗು. ನಾನೂ ಬರ್ತೀನಿ. ಹತ್ತೂವರೆಗೆ ಸೊಪ್ಪು ಕೊಟ್ರೆ ನಾಲ್ಕರ ತನಕ ಬಿಡುವು. ಅಕ್ಷತ ನೋಡ್ಕೊತಾಳೆ."

ಹೊಸಕೋಟೆಯ ಮಾಲೂರು ರಸ್ತೆಯಲ್ಲಿ ಕೆಂಪರಾಜನ ಶೆಡ್ಡು. ಗೋಡೆ ತುಂಬ ಬಗೆಬಗೆಯ ಪೈಪು, ಡಬ್ಬಿಗಳು ನೇತಾಡುತ್ತಿದ್ದವು. ಸೆರಗು ಹೊದ್ದ ಇಬ್ಬರು ಹೆಂಗಸರು ಕೆಂಪು ಕಾರಿನಿಂದ ಇಳಿದಾಗ ಕೆಂಪರಾಜ್ ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ನೋಡಿದ.

"ಏನ್ ಗುರು, ಫ್ಯಾಮಿಲಿ ಟ್ರಿಪ್ಪಾ?"

"ನಮ್ಮಜ್ಜಿ ಅಣ್ಣ. ಡಬ್ಬಿ ಎಲ್ಲಿ ಕೂರ್ಬೇಕು ಅಂತ ಹೇಳ್ತಾರಂತೆ," ಅಂದ ಅಮರ್, ನಾಚಿಕೆಯಿಂದ.

ಎಲ್ಲರೂ ಹತ್ತಿದರು. ಹಿಂದಿನ ಸೀಟಿನಲ್ಲಿ ದ್ಯಾವಮ್ಮ ಚಪ್ಪಲಿ ಬಿಟ್ಟು ಪಾದಗಳನ್ನು ನೆಲಕ್ಕೊತ್ತಿದಳು, ಬಗ್ಗಿ ಅಂಗೈಯನ್ನೂ ನೆಲಕ್ಕಿಟ್ಟಳು. ಕಾರು ಎಂಬತ್ತು ಮುಟ್ಟಿತು. ಗುಂಯ್ ಶುರುವಾಯಿತು. ದ್ಯಾವಮ್ಮ ಕಣ್ಣುಮುಚ್ಚಿ ಕೈಯನ್ನು ಹಿಂದಕ್ಕೆ, ಮುಂದಕ್ಕೆ, ಪಕ್ಕಕ್ಕೆ ಸರಿಸುತ್ತಾ ಬಂದಳು. ಡ್ರೈವರ್ ಸೀಟಿನ ಬೆನ್ನ ಹಿಂದೆ ಕೈ ನಿಂತಿತು.

"ಇಲ್ಲಿ. ಹಿಂದ್ಗಡೆ ಏನೂ ಇಲ್ಲ. ಇಲ್ಲೇ ಕುದೀತಾ ಇರೋದು."

ಕೆಂಪರಾಜ್ ನಂಬಲಿಲ್ಲ. ಆದರೆ ವಯಸ್ಸಾದವರ ಮಾತು ಅಂತ ಶೆಡ್ಡಿಗೆ ಬಂದು ಕಾರು ಎತ್ತಿ, ಅವಳು ತೋರಿಸಿದ ಜಾಗದ ನೇರ ಕೆಳಗೆ ಉದ್ದನೆಯ ಡಬ್ಬಿಯೊಂದನ್ನು ಕ್ಲಾಂಪ್ ಹಾಕಿ ಬಿಗಿದ. ಮತ್ತೆ ರಸ್ತೆಗೆ ಹೋದರು. ಮೊರೆತ ಅರ್ಧಕ್ಕಿಳಿದಿತ್ತು. ಅಮರ್ ಹಿಂತಿರುಗಿ ನೋಡಿದ.

"ರಸ್ತೆ ನೋಡ್ಲಾ. ಇನ್ನೊಂದು ಗೇಣು ಮುಂದಕ್ಕೆ ಹಾಕಪ್ಪ," ಅಂದಳು ದ್ಯಾವಮ್ಮ.

ಒಂದು ಗೇಣು ಮುಂದಕ್ಕೆ ಹಾಕಿದರು. ಮೂರನೇ ಸಲ ಎಂಬತ್ತು, ಎಂಬತ್ತೈದು, ತೊಂಬತ್ತು. ಗುಂಯ್ ಇಲ್ಲ! ಪ್ರಮೋದಾ ಕಿವಿಯೊಡ್ಡಿ ಹುಡುಕಿದಳು, ಎಲ್ಲೂ ಸಿಗಲಿಲ್ಲ. ಅಮರನ ಫೋನಿನಲ್ಲಿ ಇಷ್ಟು ದಿನ ಗೋಪುರದಂತೆ ಎದ್ದು ನಿಲ್ಲುತ್ತಿದ್ದ ಗೆರೆ ನೆಲಕ್ಕೆ ಮಲಗಿತ್ತು. ಉಳಿದದ್ದು ಎಂಜಿನ್ನಿನ ಆಳವಾದ, ತುಂಬಿದ ದನಿ ಮಾತ್ರ. ಕಾಲು ಒತ್ತಿದರೆ ಏಳುತ್ತಿತ್ತು, ಬಿಟ್ಟರೆ ತಣ್ಣಗೆ ಕೂರುತ್ತಿತ್ತು.

"ಈಗ ನೆಟ್ಟಗೆ ಮೇಯ್ತಾ ಐತೆ," ಅಂದಳು ದ್ಯಾವಮ್ಮ.

ಅಮರ್ ಕಾರನ್ನು ಬದಿಗೆ ನಿಲ್ಲಿಸಿದ. ಕೂದಲಿನ ಅಗಲವನ್ನು ಅಳೆಯುವ ಯಂತ್ರಗಳ ನಡುವೆ ಆರು ವರ್ಷ ದುಡಿದ ಹುಡುಗ, ಅಜ್ಜಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಸೊಪ್ಪಿನ ಕಲೆ ಹತ್ತಿದ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ಪಕ್ಕದಲ್ಲಿದ್ದ ಕೆಂಪರಾಜ್ ತಲೆಯ ಮೇಲಿನ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಹದಿನೆಂಟು ವರ್ಷದಿಂದ ಈ ಕೆಲ್ಸ ಮಾಡ್ತಿದೀನಿ ಅಜ್ಜಿ. ಹಿಂಗೆ ಹೇಳೋರ್ನ ನೋಡಿಲ್ಲ," ಅಂದ.

ದ್ಯಾವಮ್ಮನಿಗೆ ಅದು ಕೇಳಿಸಲಿಲ್ಲ. "ನಾಕು ಗಂಟೆ ಆಯ್ತದೆ, ನಡೀರಿ ಬೇಗ," ಅಂದಳು.

*

ಮುಂದಿನ ಬುಧವಾರ ಹುಳು ಹಣ್ಣಾಯಿತು. ಹಣ್ಣಾದ ಹುಳುವಿನ ಮೈ ಹಳದಿಗೆ ತಿರುಗಿ ಒಳಗಿನ ಬೆಳಕು ಕಾಣುವಂತಿರುತ್ತದೆ. ಅದನ್ನು ಒಂದೊಂದಾಗಿ ಆಯ್ದು ಗೂಡು ಕಟ್ಟಲು ಹೆಣೆದ ಬಿದಿರಿನ ಚಂದ್ರಿಕೆಯ ಸುತ್ತುಗಳಿಗೆ ಬಿಡಬೇಕು. ಬಿಟ್ಟ ತಕ್ಷಣ ತಲೆಯಾಡಿಸಿ ನೂಲು ತೆಗೆಯುತ್ತದೆ. ಅವತ್ತು ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅಕ್ಷತ ಕಾಲೇಜು ತಪ್ಪಿಸಿದ್ದಳು, ಹನುಮಂತರಾಯಪ್ಪನ ಹೆಂಡತಿಯೂ ಬಂದಿದ್ದಳು. ಭೀಮರಾಜ ಅರ್ಧ ದಿನ ರಜೆ ಹಾಕಿ ಹುಳು ಆಯುತ್ತಿದ್ದ. ಕಾರಿನ ಕಥೆ ಅವನ ಕಿವಿಗೂ ಬಿದ್ದಿತ್ತು. "ಕಾರು ಬೇರೆ, ಹುಳ ಬೇರೆ" ಅಂದು ಮುಗಿಸಿಬಿಟ್ಟಿದ್ದ.

ಅವನ ಫೋನು ಹೊಡೆದುಕೊಂಡಿತು. ಚಾಕಿ ಕೇಂದ್ರದವರು, ಮುಂದಿನ ಬೆಳೆಗೆ ಎಷ್ಟು ಮೊಟ್ಟೆಯ ಹುಳು ಬರೆದುಕೊಳ್ಳಲಿ ಅಂತ ಕೇಳಿದರು. ಇವರ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಇಡೀ ಗುಂಪು, ಸುಮಾರು ನಾನೂರು ಹುಳು. ಒಳಗಿದ್ದವರ ಕೈಗಳೆಲ್ಲ ನಿಂತವು. ದ್ಯಾವಮ್ಮ ಮಾತ್ರ ಆಚೆ ತಿರುಗಿ ಕೂತು, ತನ್ನ ಪಾಡಿಗೆ ಹುಳು ಬಿಡುತ್ತಿದ್ದಳು.

"ಒಂದ್ನಿಮಿಷ ಇರಿ," ಅಂದ ಭೀಮರಾಜ ಫೋನಿಗೆ. ಹೆಂಡತಿಯ ಕಡೆ ನೋಡಿದ. "ಬೇಡ ಅಂತೀನಿ. ಅವ್ವಂಗೆ ಕೇಳಲ್ಲ. ಯಾರ್ ನೋಡ್ಕೊತಾರೆ?"

"ಅತ್ತೆಗೆ ಕೇಳದೆ ಹತ್ತು ವರ್ಷ ಆಯ್ತು ರೀ," ಅಂದಳು ಪ್ರಮೋದಾ. ಗಂಡನಿಗೆ ಅವಳು ಎದುರು ಮಾತಾಡುತ್ತಿದ್ದದ್ದು ಅಪರೂಪ. ಇವತ್ತು ನಿಲ್ಲಿಸಲಿಲ್ಲ. "ಈ ಹತ್ತು ವರ್ಷದ ಗೂಡೆಲ್ಲ ವಿಜಯಪುರದ ಮಾರ್ಕೆಟ್‌ಗೆ ಹೊತ್ಕೊಂಡ್ ಹೋದೋರು ನೀವೇ. ಒಂದು ಬೆಳೆ ಕೆಟ್ಟಿತ್ತಾ ಹೇಳಿ. ಒಂದೇ ಒಂದು."

ಭೀಮರಾಜ ಬೆರಳಿನಲ್ಲಿ ಏನೋ ಎಣಿಸಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ತಾಯಿಯ ಬೆನ್ನನ್ನು ನೋಡಿದ. ಕಣ್ಣು ಕೆಂಪಾಗಿದ್ದನ್ನು ಪ್ರಮೋದಾ ಕಂಡಳು. ಹಾವು ಹರಿದ ಕಂಬವನ್ನೂ ಹೆದರದೆ ಹತ್ತುತ್ತಿದ್ದ ಮನುಷ್ಯ ಅವನು.

"ಇನ್ನೂರು ಬರ್ಕೊಳ್ರಿ," ಅಂತ ಫೋನಿಗೆ ಹೇಳಿ ಇಟ್ಟ.

ಆಮೇಲೆ ಎದ್ದು, ಹುಳುಗಳನ್ನು ದಾಟಿಕೊಂಡು, ತಾಯಿಯ ಎದುರಿಗೆ ಹೋಗಿ ಕುಕ್ಕರಗಾಲಲ್ಲಿ ಕೂತ. ಅವಳಿಗೆ ಬಾಯಿ ಕಾಣುವಂತೆ ಮುಖವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಹೇಳಿದ.

"ಅವ್ವ. ಮುಂದಿನ ಬೆಳೆಗೆ ಇನ್ನೂರು ಮೊಟ್ಟೆ ಹೇಳಿದೀನಿ."

ದ್ಯಾವಮ್ಮ ಮಗನ ತುಟಿಯನ್ನು, ಆಮೇಲೆ ಕಣ್ಣನ್ನು ನೋಡಿದಳು. ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಟ್ಟಳು.

"ಇನ್ನೂರಾ? ತೋಟದಾಗೆ ಸೊಪ್ಪು ಎಷ್ಟೈತೆ ಅಂತ ನೋಡಿದೀಯೇನೋ? ನೂರೈವತ್ತು ಹೇಳು."

ಭೀಮರಾಜ ಮತ್ತೆ ಚಾಕಿ ಕೇಂದ್ರಕ್ಕೆ ಫೋನು ಮಾಡಿದ.